ತಳದ ಸುತ್ತು

ಬೆಳಿಗ್ಗೆ ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಮ್ಮ ಊಟದ ಡಬ್ಬಿಯ ಮುಚ್ಚಳವನ್ನು ಅಂಗೈಯಲ್ಲಿ ಒತ್ತುತ್ತ, ಹೇಳಲೋ ಬೇಡವೋ ಎಂಬ ದನಿಯಲ್ಲಿ, "ಇವತ್ತು ಅಪ್ಪ ನಿಮ್ಮ ಅಂಗಡಿಗೆ ಬರ್ತಾರಂತೆ ಕಣೆ. ಸಣ್ಣದೊಂದು ರಾಡ್ ಬೇಕಂತೆ, ಕಾಲುವೆ ಹತ್ರ ಕೂತ್ಕೊಂಡು ಮೀನು ಹಿಡಿಯೋಕೆ. ಹೋಗ್ಲಿ ಬಿಡು, ಮನೇಲಿ ಕೂತು ಗೋಡೆ ನೋಡೋದಾದ್ರೂ ತಪ್ಪತ್ತೆ" ಅಂದಳು. ಕಾಲುವೆ ಎಂಬ ಮಾತಿಗೆ ಅವಳ ಕಾಲು ಚಪ್ಪಲಿಯ ಬಾರಿನೊಳಗೆ ಅರ್ಧ ಹೋಗಿ ನಿಂತಿತು. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಬಾಯಲ್ಲಿ, ಉಪ್ಪೂ ಸಿಹಿಯೂ ಕಲೆಸಿದ ಆ ಕಂದು ನೀರಿನಲ್ಲಿ ಮೂವತ್ತು ವರ್ಷ ಗಾಳ ಎಸೆದ ಮನುಷ್ಯ ಕಾಲುವೆಯ ಬೆರಳುದ್ದದ ಮೀನಿಗಾಗಿ ಕುಕ್ಕುರುಗಾಲಲ್ಲಿ ಕೂರುವುದನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದಳು, ಆಗಲಿಲ್ಲ. "ಸರಿ" ಅಂದಳು. ಒಳಗೆ ಅಪ್ಪ ರೇಡಿಯೋದ ಸದ್ದು ಹೆಚ್ಚಿಸಿದರು. ಎಡಗಿವಿ ಮಂದವಾದ ಮೇಲೆ ಅವರು ಎಲ್ಲದರ ಸದ್ದನ್ನೂ ಹೆಚ್ಚಿಸುತ್ತಾರೆ, ತಮ್ಮದೊಂದನ್ನು ಬಿಟ್ಟು. ಏಳು ತಿಂಗಳಿಂದ ಅವಳು ಅವರಿಗೆ ಒಂದು ಮಾತು ಹೇಳಬೇಕೆಂದಿದ್ದಳು. ಊಟವಾದ ಮೇಲೆ ಹೇಳೋಣ, ಅಮ್ಮ ಒಳಗೆ ಹೋದ ಮೇಲೆ ಹೇಳೋಣ, ಅವರೇ ಕೇಳಿದರೆ ಹೇಳೋಣ ಎಂದು ಮುಂದೂಡುತ್ತ ಬಂದದ್ದು ಈಗ ತಾನಾಗಿಯೇ ಗಡುವು ಹಾಕಿಕೊಂಡು ಎದುರು ನಿಂತಿತ್ತು: ಆ ಕಾಲುವೆಯ ರಾಡ್ ಅವರ ಕೈ ಸೇರುವ ಮೊದಲು ಹೇಳಬೇಕು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅದನ್ನು ಮೂರು ಥರದಲ್ಲಿ ಮನಸ್ಸಿನಲ್ಲೇ ಹೇಳಿ ನೋಡಿದಳು. ಮೂರರಲ್ಲೂ ಮೊದಲ ವಾಕ್ಯ ಚೆನ್ನಾಗಿ ಬರುತ್ತಿತ್ತು.

ಗಾಳದ ಸಾಮಾನಿನ ಆ ಅಂಗಡಿ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಒಂದು ಗೋಡೆಗೆ ಸಾಲಾಗಿ ನಿಲ್ಲಿಸಿದ ರಾಡುಗಳು, ಎದುರು ಗೋಡೆಗೆ ಗಾಜಿನ ಕಪಾಟಿನೊಳಗೆ ಗಾಳದ ದಾರ ಸುತ್ತಿಡುವ ರೀಲುಗಳು, ಬಾಗಿಲ ಬಳಿ ಯಜಮಾನರ ಕುರ್ಚಿ, ತೀರಾ ಹಿಂದಕ್ಕೆ ಅವಳ ಮೇಜು, ಮೇಜಿನಂಚಿಗೆ ಬಿಗಿದ ದಾರ ಸುತ್ತುವ ಯಂತ್ರ. ಹನ್ನೊಂದರ ಹೊತ್ತಿಗೆ ಬ್ಯಾಂಕಿನ ಮ್ಯಾನೇಜರು ಬಂದು, ಇದ್ದುದರಲ್ಲಿ ಅತಿ ಉದ್ದದ, ಮಡಿಸಲು ಬಾರದ ಒಂಟಿ ತುಂಡಿನ ರಾಡನ್ನು ತೆಗೆದುಕೊಂಡು ಗಾಳಿಯಲ್ಲಿ ಬೀಸತೊಡಗಿದರು. ತುದಿ ಫ್ಯಾನಿಗೆ ತಾಗಿ ಟಕ್ಕೆಂದಿತು. "ಈ ರೀಲು ಹದಿನೈದು ಕೆಜಿ ತಡೆಯತ್ತೆ ಅಂತ ಡಬ್ಬಿ ಮೇಲೇ ಬರೆದಿದೆಯಲ್ಲ" ಎಂದು ಕಪಾಟಿನ ದೊಡ್ಡ ರೀಲೊಂದನ್ನು ತೋರಿಸಿದರು. ಅವಳು ನೆಲ ನೋಡುತ್ತಲೇ, "ರೀಲೇನೋ ತಡೆಯತ್ತೆ ಸರ್. ಅಷ್ಟು ಹಿಡಿತ ಹಾಕ್ಕೊಂಡು ರಾಡ್ ಬಗ್ಗಿಸಿ ನಿಂತ್ರೆ ನೀವೇ ನೀರಿಗೆ ಹೋಗ್ತೀರ" ಅಂದಳು. ಯಜಮಾನರು ಕುರ್ಚಿಯಿಂದಲೇ, "ಗಿರಾಕಿ ಓಡ್ಸೋದ್ರಲ್ಲಿ ನಮ್ಮ ಹುಡುಗಿ ಎತ್ತಿದ ಕೈ" ಎಂದು ನಕ್ಕರು. ಆ ನಗುವಿನ ಅಡಿಯಲ್ಲಿ ಇರುವುದು ಏನೆಂದು ಅವಳಿಗೆ ಗೊತ್ತಿತ್ತು, ಆದರೂ ಬಾಯಿ ತನ್ನ ಪಾಡಿಗೆ ತಾನು ಮುಂದುವರಿಯಿತು. ಬೀಸಿ ನೋಡಿದರೆ ರಾಡಿನ ಗುಣ ತಿಳಿಯುವುದಿಲ್ಲ, ತುದಿಯನ್ನು ಇನ್ನೊಬ್ಬರು ಹಿಡಿದು ಎಳೆಯಬೇಕು. ಅಳಿವೆಯ ಕೆಂಪು ಮೀನು, ಗಾಳದವರು ಕೆಂಚ ಎಂದು ಕರೆಯುವುದು, ದಡದ ಮರಗಳ ಬೇರುಗಳ ಸಂದಿಯಲ್ಲೋ ದೋಣಿ ನಿಲ್ಲುವ ಜೆಟ್ಟಿಯ ಕಂಬದ ಬುಡದಲ್ಲೋ ಮನೆ ಮಾಡಿರುತ್ತದೆ; ಕಚ್ಚಿದ ಗಳಿಗೆಯಲ್ಲೇ ತಿರುಗಿ ಮನೆಗೆ ಓಡುತ್ತದೆ. ಅದನ್ನು ತಡೆಯಲು ಸಿಗುವುದು ಮೂರು ಸೆಕೆಂಡು. ಅದಕ್ಕೇ ತುದಿ ಮೆದುವಾಗಿದ್ದರೂ ಬುಡ ಗಡುಸಾಗಿರಬೇಕು, ಏಳಡಿ ಮೀರಬಾರದು, ರೀಲು ಅಂಗೈಗೆ ತುಂಬುವಷ್ಟೇ ಇರಬೇಕು, ದಾರ ಸಣ್ಣ ಎಳೆಗಳಿಂದ ಹೆಣೆದದ್ದಾಗಬೇಕು. ಇವೊಂದೂ ಅವಳ ಮಾತುಗಳಲ್ಲ. ಅವಳು ಹತ್ತು ವರ್ಷದವಳಿದ್ದಾಗಿನಿಂದ ಊಟದ ತಟ್ಟೆಯ ಮುಂದೆ ಕೇಳಿದ ಮಾತುಗಳು. ಮ್ಯಾನೇಜರಿಗೂ ಅದು ಹೊಳೆದಿರಬೇಕು. "ನಿಮ್ಮಪ್ಪ ಹೇಳ್ಕೊಟ್ಟಿದ್ದಲ್ವಾ ಇದೆಲ್ಲ" ಎಂದು ದನಿ ಇಳಿಸಿದರು. "ಪಾಪ, ಹೇಗಿದಾರೆ? ಅವತ್ತು ನಾನೂ ಇದ್ದೆನಲ್ಲ. ವಯಸ್ಸಾಗಿದ್ದು ಮೊದ್ಲು ಕೈಗೇ ಗೊತ್ತಾಗೋದು ನೋಡಿ." ಪಾಪ ಎನ್ನುವುದನ್ನು ಅವರು ಎಷ್ಟು ಸಲೀಸಾಗಿ ಅಂದರೆಂದರೆ, ಅದು ಅಪ್ಪನ ಹೆಸರಿನ ಮುಂದೆ ಬಹಳ ದಿನದಿಂದ ಇರುವ ಅಕ್ಷರಗಳ ಹಾಗೆ ಕೇಳಿಸಿತು.

ಭಾನುವಾರಗಳಂದು ನೀರು ಏರುವ ಮೊದಲು ಜೆಟ್ಟಿಯ ಮೇಲೆ ಅಪ್ಪನ ಮುಂದೆ ಸಾಲು ಇರುತ್ತಿತ್ತು. ಹೊಸ ರೀಲು ಕೊಂಡವರು, ಹಳೆಯದಕ್ಕೆ ದಾರ ಬದಲಿಸಿದವರು, ಎಲ್ಲರೂ ರೀಲನ್ನು ಅವರ ಕೈಗೆ ಕೊಡುವರು. ಎಷ್ಟು ಜೋರಾಗಿ ಎಳೆದರೆ ರೀಲು ದಾರ ಬಿಡಬೇಕು, ಎಷ್ಟಕ್ಕೆ ಬಿಡಬಾರದು ಎಂಬ ಹಿಡಿತವನ್ನು ಕೂರಿಸುವುದು ಅವರ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ಬಂದುಬಿಟ್ಟದ್ದು. ಎಡಗೈಯಿಂದ ದಾರ ಎಳೆಯುತ್ತ ಬಲಗೈ ಹೆಬ್ಬೆರಳಿನಿಂದ ತಿರುಪನ್ನು ಕೂದಲೆಳೆಯಷ್ಟು ತಿರುವಿ, "ಸಾಕು, ಇನ್ನು ಮುಟ್ಟಬೇಡಿ" ಅನ್ನುವರು. ಒಮ್ಮೆ ಅಂಗಡಿಯ ಯಜಮಾನರೇ ಪಂದ್ಯ ಕಟ್ಟಿ ಸ್ಪ್ರಿಂಗ್ ತಕ್ಕಡಿ ಹಾಕಿ ನೋಡಿದ್ದರು, ಮುಳ್ಳು ಅಪ್ಪ ಹೇಳಿದ ತೂಕದಲ್ಲೇ ನಿಂತಿತ್ತು. ಅಂದಿನಿಂದ ಅವರು ಹೆಬ್ಬೆರಳಣ್ಣ. ದೋಣಿ ನಡೆಸಿ ನಿವೃತ್ತರಾದಾಗ ಸಿಕ್ಕ ಗೋಡೆ ಗಡಿಯಾರಕ್ಕಿಂತ ಅಪ್ಪನಿಗೆ ಈ ಅಡ್ಡಹೆಸರು ಹೆಚ್ಚಿನದಾಗಿತ್ತು. ಏಳು ತಿಂಗಳ ಹಿಂದಿನ ಆ ಭಾನುವಾರ ಅವರ ರಾಡು ಬುಡದವರೆಗೂ ಬಗ್ಗಿದಾಗ ಅಕ್ಕಪಕ್ಕದವರು ತಮ್ಮ ದಾರಗಳನ್ನು ಸರಸರನೆ ಮೇಲೆತ್ತಿಕೊಂಡು ದಾರಿ ಬಿಟ್ಟರು. ಅಂಥ ಮೀನು ವರ್ಷಕ್ಕೊಂದು. ಅವಳು ಚಹಾದ ಫ್ಲಾಸ್ಕು ಹಿಡಿದು ಹಿಂದೆ ನಿಂತಿದ್ದಳು. ಮೀನು ದಾರ ಎಳೆದುಕೊಂಡು ಹೋಗುವಾಗ ರೀಲು ಕಿರ್ರೆಂದು ಕೂಗಬೇಕು. ಕೂಗುತ್ತಿರಲಿಲ್ಲ. ದಾರ ಹೋಗುತ್ತಿತ್ತು, ಅದನ್ನು ಸುತ್ತಿದ ಉರುಳೆ ನಿಂತೇ ಇತ್ತು. ಆ ಗದ್ದಲದಲ್ಲಿ ಬೇರೆ ಯಾರಿಗೂ ಅದು ತಿಳಿಯಲಿಲ್ಲ. ಅಪ್ಪನ ಎಡಗಿವಿಗೆ ಹೇಗೂ ಕೇಳಿಸದು, ಬಲಗಿವಿಯ ಬದಿಗೆ ಜನ "ಬಿಗಿ ಮಾಡಿ, ಬಿಗಿ ಮಾಡಿ" ಎಂದು ಕಿರುಚುತ್ತಿದ್ದರು. ಅವರು ತಿರುಪನ್ನು ಬಿಗಿದರು, ಮತ್ತೆ ಬಿಗಿದರು, ಇನ್ನು ತಿರುಗದು ಎನ್ನುವಲ್ಲಿಗೆ ತಂದರು. ದಾರದ ಇಡೀ ಕಂತೆ, ಸಡಿಲ ಬಳೆ ಮುಂಗೈಯಲ್ಲಿ ತಿರುಗುವ ಹಾಗೆ, ಲೋಹದ ಉರುಳೆಯ ಮೇಲೆ ನುಣ್ಣಗೆ ಜಾರುತ್ತಿತ್ತು. ಮೀನು ಆರಾಮಾಗಿ ಮೂರನೆಯ ಕಂಬ ಸುತ್ತಿತು, ಕಂಬಕ್ಕಂಟಿದ ಚಿಪ್ಪುಗಳು ದಾರ ಕೊಯ್ದವು. ಅಪ್ಪ ನೀರನ್ನು ನೋಡಲಿಲ್ಲ. ಬಲಗೈ ಹೆಬ್ಬೆರಳನ್ನು ಮುಖದ ಹತ್ತಿರ ತಂದು ನೋಡಿದರು. ಯಾರೋ ನಕ್ಕರು. ಮುಂದಿನ ಭಾನುವಾರ ಸಾಲಿರಲಿಲ್ಲ. ಒಬ್ಬ ಮಾತ್ರ ಎದುರಿಗೆ ಸಿಕ್ಕಿಬಿದ್ದವನು, ರೀಲನ್ನು ಹೊಟ್ಟೆಗೆ ಅವುಚಿಕೊಂಡು, "ತಕ್ಕಡೀಲೇ ಹಿಡಿತ ಹಾಕಿಸ್ಕೊಂಡು ಬಂದ್ಬಿಟ್ಟೆ ಅಣ್ಣ, ನಿಮಗ್ಯಾಕೆ ತೊಂದ್ರೆ ಅಂತ" ಅಂದ. "ಒಳ್ಳೇದು" ಅಂದರು ಅಪ್ಪ. ಅಂಗಡಿಯಲ್ಲಿ ತಕ್ಕಡಿ ಹಾಕಿಕೊಟ್ಟವಳು ಅವಳೇ.

ಹೆಣೆದ ದಾರ ನುಣುಪು ಲೋಹವನ್ನು ಹಿಡಿಯುವುದಿಲ್ಲ. ಅದಕ್ಕೆ ಉರುಳೆಯ ತಳಕ್ಕೆ ಮೊದಲು ಹತ್ತು ಸುತ್ತು ನೈಲಾನ್ ದಾರ ಸುತ್ತಿ, ಅದಕ್ಕೆ ಹೆಣೆದದ್ದನ್ನು ಗಂಟು ಹಾಕಿ ಮುಂದುವರಿಸಬೇಕು. ಸುತ್ತಿದ ಮೇಲೆ ಅದು ಕಾಣುವುದಿಲ್ಲ. ಹಾಕಿದ್ದಾರೋ ಇಲ್ಲವೋ ಎಂದು ಸುತ್ತಿದವರಿಗೇ ಗೊತ್ತು. ಅವಳು ಕೂರುವ ಆ ಮೇಜಿನಿಂದ ತಳದ ಸುತ್ತಿಲ್ಲದೆ ಒಂದೇ ಒಂದು ರೀಲು ಹೊರಗೆ ಹೋಗಿರಲಿಲ್ಲ, ಒಂದನ್ನು ಬಿಟ್ಟು. ಜೆಟ್ಟಿಯ ಆ ಭಾನುವಾರಕ್ಕೆ ಮೊದಲು ಒಂದು ಮಧ್ಯಾಹ್ನ ಅಪ್ಪನ ರೀಲು ಅವಳ ಮೇಜಿನ ಮೇಲೆ ಕಂಡು ಯಜಮಾನರು, "ಮನೇದು ಮನೇಲಿ ಸುತ್ಕೋಬಾರ್ದೇನಮ್ಮಾ, ಇದೇನು ಧರ್ಮಛತ್ರಾನಾ" ಎಂದು ನಾಲ್ಕು ಜನ ಗಿರಾಕಿಗಳ ಎದುರಿಗೆ ಅಂದಿದ್ದರು. ಅವಳ ಕಿವಿ ಕಾದುಹೋಯಿತು. ಸಂಜೆ ಯಜಮಾನರು ಬಾಗಿಲ ಬಳಿ ಬೀಗದ ಕೈ ಆಡಿಸುತ್ತ ನಿಂತಿದ್ದಾಗ ಅವಳು ಅವಸರಕ್ಕೆ ಹೆಣೆದ ದಾರವನ್ನೇ ನೇರ ಲೋಹಕ್ಕೆ ಕಟ್ಟಿ ಐದು ನಿಮಿಷದಲ್ಲಿ ಸುತ್ತಿ ಮುಗಿಸಿದಳು. ಮರೆತದ್ದಲ್ಲ. ನೈಲಾನಿನ ಉಂಡೆ ಕೈಗೆಟುಕುವಲ್ಲೇ ಇತ್ತು. ನಮ್ಮಪ್ಪಂದು ತಾನೆ, ಹೇಗಿದ್ದರೂ ನಡೆಯುತ್ತದೆ ಎಂದುಕೊಂಡಿದ್ದಳು. ಬೇರೆ ಯಾವ ಅಪರಿಚಿತನಿಗೂ ಮಾಡದ್ದನ್ನು ಅಪ್ಪನಿಗೆ ಮಾಡಲು ಧೈರ್ಯ ಬಂದದ್ದು, ಅವರು ಅಪ್ಪನೆಂಬ ಕಾರಣಕ್ಕೆ. ಜೆಟ್ಟಿಯ ಘಟನೆಯಾದ ಮೂರನೆಯ ದಿನ ಅವರು ರೀಲು ತಂದು ಇದೇ ಮೇಜಿನ ಮೇಲಿಟ್ಟು, "ಒಳಗೇನೋ ಆಗಿರ್ಬೇಕು, ಬಿಚ್ಚಿ ನೋಡು" ಅಂದರು. ಅವಳು ಅದನ್ನು ಮೇಜಿನ ಹಿಂದಿನ ಸಣ್ಣ ಸಾಮಾನು ಕೋಣೆಗೆ ಒಯ್ದು ದಾರ ಕಳಚಿದಳು. ಬರಿ ಲೋಹ, ಉಜ್ಜಿ ಉಜ್ಜಿ ಅದರ ಮೇಲೆ ಹೊಳೆಯುವ ಒಂದು ಪಟ್ಟಿ ಬಿದ್ದಿತ್ತು. ಕಣ್ಣೆದುರೇ ಇತ್ತಲ್ಲ, ಹಾಗೇ ತಂದು ತೋರಿಸಿದ್ದರೆ ಸಾಕಿತ್ತು. ಬದಲಿಗೆ ಆ ದಾರವನ್ನು ಕತ್ತರಿಸಿ ಕಸದ ಬುಟ್ಟಿಗೆ ತುರುಕಿ, ತಳಕ್ಕೆ ನೈಲಾನ್ ಹಾಕಿ, ಹೊಸದಾಗಿ ಸುತ್ತಿ ತಂದು, "ಎಲ್ಲ ಸರಿಯಾಗಿದೆ ಅಪ್ಪ, ರೀಲಿಗೇನೂ ಆಗಿಲ್ಲ" ಅಂದಳು. ಅಪ್ಪ ಹೆಬ್ಬೆರಳನ್ನು ಎತ್ತಿ ಹಿಡಿದು, "ಹಾಗಾದ್ರೆ ಆಗಿರೋದು ಇದಕ್ಕೇ" ಎಂದು ನಕ್ಕರು. ವಾರದೊಳಗೆ ರಾಡು ರೀಲು ಎರಡನ್ನೂ ಯಾರಿಗೋ ಕೊಟ್ಟುಬಿಟ್ಟರು.

ಇವತ್ತು ಅಪ್ಪ ಬಂದಾಗ ಅವಳು ಊಟದ ಡಬ್ಬಿ ಬಿಚ್ಚಿ ಮೊದಲ ತುತ್ತು ಬಾಯಿಗಿಟ್ಟಿದ್ದಳು. ಮ್ಯಾನೇಜರು ತಾಸುಗಟ್ಟಲೆ ಆರಿಸಿ ಕೊನೆಗೆ ಅದೇ ಉದ್ದದ ರಾಡು ಕೊಂಡು ಆಗಷ್ಟೇ ಹೊರಗೆ ಹೋಗಿದ್ದರು. "ಬನ್ನಿ ಬನ್ನಿ, ಏನು ದಾರಿ ತಪ್ಪಿ ಬಂದ್ರಾ?" ಅಂದರು ಯಜಮಾನರು. ಅಪ್ಪನಿಗೆ ಕೇಳಿಸಲಿಲ್ಲ, ಕೇಳಿಸದಾಗ ಅವರು ಬೇಕಾದ್ದಕ್ಕಿಂತ ತುಸು ಹೆಚ್ಚೇ ನಗುತ್ತಾರೆ, ಹಾಗೆ ನಕ್ಕರು. ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದರು. ಮಗಳು ಕೆಲಸ ಮಾಡುವ ಜಾಗಕ್ಕೆ ಬಂದ ಅಪ್ಪನ ಹಾಗಲ್ಲ, ಏನನ್ನೋ ಕೇಳಲು ಸಂಕೋಚಪಡುವ ಗಿರಾಕಿಯ ಹಾಗೆ ಕಪಾಟಿನ ಪಕ್ಕ ನಿಂತರು. "ವಯಸ್ಸಿಗೆ ಹಗುರದ್ದೇ ವಾಸಿ ಬಿಡಿ, ನಿಮ್ಮ ಮಗಳೇ ತೋರಿಸ್ತಾಳೆ" ಎಂದು ಯಜಮಾನರು ಜೋರಾಗಿ ಅಂದರು; ಅದು ಕೇಳಿಸಿತು. ಅವಳು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಪ್ಪ ಗೋಡೆಯಿಂದ ಸಣ್ಣದೊಂದು ರಾಡು ತೆಗೆದು ಗಾಳಿಯಲ್ಲಿ ಎರಡು ಸಲ ಬೀಸಿ ನೋಡಿದರು. ಬೀಸುವವರನ್ನು ಕಂಡರೆ ರೇಗುತ್ತಿದ್ದ ಮನುಷ್ಯ. ಅವಳು ಏಳಡಿಯ, ಬುಡ ಗಡುಸಾದ ರಾಡನ್ನು ಇಳಿಸಿ, ಅಂಗೈ ತುಂಬುವ ರೀಲು ಕೂರಿಸಿ, ದಾರ ಪೋಣಿಸಿ ಅವರ ಕೈಗಿಟ್ಟಳು.

"ಇದ್ಯಾಕಮ್ಮಾ? ಕಾಲುವೇಲಿ ತಿಮಿಂಗಿಲ ಬಂದಿದ್ಯಾ?"

"ಸುಮ್ನೆ ಹಿಡ್ಕೊಳ್ಳಿ ಅಪ್ಪಾ. ನಾನು ಎಳೀತೀನಿ."

ಅವಳು ದಾರದ ತುದಿ ಹಿಡಿದು ಅಂಗಡಿಯ ಹಿಂಬದಿಗೆ ನಡೆದಳು. ನಡುವೆ ಹತ್ತು ಹೆಜ್ಜೆ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಇದೇ ಆಟ. ಅವಳು ಮೀನಾಗಿ ಓಡಬೇಕು, ಅಪ್ಪ ತಡೆಯಬೇಕು, ಅವಳು ಹುಣಸೆಮರ ಮುಟ್ಟಿದರೆ ಮೀನು ಗೆದ್ದಿತು. ಒಮ್ಮೆಯೂ ಮುಟ್ಟಲು ಬಿಟ್ಟವರಲ್ಲ, ಅತ್ತರೂ ಬಿಟ್ಟವರಲ್ಲ. ಈಗ ಅವಳು ಮೆಲ್ಲಗೆ ಎಳೆದಳು. ರಾಡು ಬಗ್ಗಿತು. ಅಪ್ಪನ ಮೊಣಕೈ ತನ್ನ ಹಳೆಯ ಜಾಗಕ್ಕೆ, ಪಕ್ಕೆಲುಬಿಗೆ ಹೋಗಿ ಕೂತಿತು, ಕಾಲುಗಳು ತಾವಾಗಿಯೇ ಅಗಲಗೊಂಡವು, ಹೆಬ್ಬೆರಳು ತಿರುಪಿನ ಮೇಲೆ ಬಂತು. ಒಂದು ಗಳಿಗೆ ಆ ಮುಖದಲ್ಲಿ ಏಳು ತಿಂಗಳು ಇರಲಿಲ್ಲ. ಅವಳು ಬೇಕೆಂದೇ ಸೋತಳು, ಒಂದು ಹೆಜ್ಜೆ ಮುಂದೆ ಬಂದಳು, ಇನ್ನೊಂದು ಹೆಜ್ಜೆ. ಆಗ ಅವರ ಕಣ್ಣು ರಾಡಿನ ತುದಿಯಿಂದ ಅವಳ ಕೈಗೆ ಇಳಿಯಿತು.

"ನೀನು ಬಿಟ್ಕೊಡ್ತಿದೀಯ."

"ಇಲ್ಲಪ್ಪಾ."

"ಕೆಂಚ ಇಷ್ಟೊಂದು ಮರ್ಯಾದಸ್ಥ ಅಲ್ಲ ಕಣಮ್ಮಾ. ಎಳಿ ಸರಿಯಾಗಿ."

ಸಿಕ್ಕಿಬಿದ್ದ ನಾಚಿಕೆಗೆ ಅವಳ ಮೈ ಬಿಸಿಯಾಯಿತು. ಒರೆಸುವ ಬಟ್ಟೆಯನ್ನು ಅಂಗೈಗೆ ಸುತ್ತಿ ಅದರ ಮೇಲೆ ದಾರ ಸುತ್ತಿಕೊಂಡಳು. ಆಮೇಲೆ ಆದದ್ದು ಅವಳಿಗೇ ಪೂರ್ತಿ ಅರ್ಥವಾಗಲಿಲ್ಲ. ಯಾಕೆ ಇವರು ಅವತ್ತೇ ಅನುಮಾನಪಡಲಿಲ್ಲ, ಇಷ್ಟೆಲ್ಲ ಗೊತ್ತಿದ್ದವರು ಉರುಳೆಯ ತಳಕ್ಕೆ ಒಮ್ಮೆ ಉಗುರು ಹಾಕಿ ನೋಡಬಾರದಿತ್ತೇ, ಮಗಳು ಸುತ್ತಿದ್ದೆಂದರೆ ಕಣ್ಣು ಮುಚ್ಚಿ ನಂಬಿ ತಮ್ಮ ಬೆರಳನ್ನೇ ಯಾಕೆ ಹಳಿದುಕೊಂಡರು ಎಂಬ ಕೆಟ್ಟ ಸಿಟ್ಟೊಂದು ಭುಜದಿಂದ ಇಳಿದು ಬಂತು. ಅವರು ಸಿದ್ಧರಾಗುವ ಮೊದಲೇ, ಕದಿಯುವವಳ ಹಾಗೆ, ಇಡೀ ಮೈಯ ಭಾರ ಹಾಕಿ ಎಳೆದಳು. ರಾಡಿನ ತುದಿ ಕೆಳಗೆ ಧುಮುಕಿ ಕಪಾಟಿಗೆ ಬಡಿಯಿತು, ಬುಡ ಅಪ್ಪನ ಕಂಕುಳಿಂದ ಜಾರಿತು, ಅವರು ಮುಗ್ಗರಿಸಿ ಕಪಾಟು ಹಿಡಿದು ನಿಂತರು. "ಗಾಜು, ಗಾಜು ಕಣಮ್ಮಾ" ಎಂದು ಯಜಮಾನರು ಎದ್ದರು. ಗಾಜಿಗೆ ಏನೂ ಆಗಿರಲಿಲ್ಲ. ಅಪ್ಪ ಉಸಿರು ಹಿಡಿದು ನಕ್ಕು, "ನೋಡಿದ್ಯಾ" ಅಂದರು. ಆ ರಾಡನ್ನು, ಇನ್ನೊಬ್ಬರ ವಸ್ತುವನ್ನು ಹಿಂದಿರುಗಿಸುವವರ ಹಾಗೆ, ಎರಡೂ ಕೈಯಲ್ಲಿ ಗೋಡೆಗೆ ಒರಗಿಸಿ, "ಆ ಸಣ್ಣದೇ ಕೊಡು" ಅಂದರು.

ಅವಳು ಅವರ ಬಲಗಿವಿಯ ಬದಿಗೆ ಹೋಗಿ ನಿಂತಳು. ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಮೂರರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಅಪ್ಪಾ, ಅವತ್ತು ತಪ್ಪಿದ್ದು ನಿಮ್ಮ ಬೆರಳಲ್ಲ. ನಾನು ತಳಕ್ಕೆ ನೈಲಾನ್ ಹಾಕಿರ್ಲಿಲ್ಲ. ದಾರ ಉರುಳೆ ಮೇಲೇ ಜಾರ್ತಿತ್ತು. ನೀವು ಎಷ್ಟು ಬಿಗಿ ಮಾಡಿದ್ರೂ ಅದು ನಿಲ್ತಿರ್ಲಿಲ್ಲ."

ಅಪ್ಪ ಅವಳನ್ನು ನೋಡಿದರು. ನೋಟದಲ್ಲಿ ಆಶ್ಚರ್ಯವಿರಲಿಲ್ಲ, ಬಿದ್ದ ಮಗು ನೋವಾಗಿಲ್ಲ ಎಂದಾಗ ನೋಡುವ ಹಾಗೆ ನೋಡಿದರು.

"ರೀಲು ಬಿಚ್ಚಿದ್ದು ನೀನೇ ಅಲ್ವಾ? ಎಲ್ಲ ಸರಿಯಾಗಿದೆ ಅಂದ್ಯಲ್ಲ."

"ಸುಳ್ಳು ಹೇಳ್ದೆ."

"ಅವತ್ತಲ್ಲ. ಸುಳ್ಳು ಈಗ ಹೇಳ್ತಿದೀಯ." ಅವರ ದನಿ ತೀರಾ ಮೆತ್ತಗಿತ್ತು. "ಮೊದ್ಲು ದಾರ ಸಡಿಲ ಬಿಟ್ಟು ಗೆಲ್ಸೋಕೆ ನೋಡ್ದೆ. ಅದು ನಡೀಲಿಲ್ಲ, ಈಗ ಇದು. ಎರಡೂ ಒಂದೇ ಕಣಮ್ಮಾ. ಸಾವಿರಾರು ರೀಲು ಸುತ್ತಿದ ಕೈ ನಿಂದು, ಅಪ್ಪನದನ್ನೇ ತಳ ಇಲ್ದೆ ಸುತ್ತತ್ತಾ?"

"ಸುತ್ತಿದೆ ಅಪ್ಪಾ. ನಿಮ್ಮದೇ ತಾನೆ ಅಂತ..."

"ಸಾಕು ಸಾಕು" ಎಂದು ಅವರು ಅವಳ ಬೆನ್ನು ತಟ್ಟಿದರು. ತೋರಿಸಬಹುದಾದ ಆ ಹೊಳೆಯುವ ಪಟ್ಟಿಯನ್ನು ಅವಳೇ ಮುಚ್ಚಿ ಸುತ್ತಿದ್ದಳು. ಈಗ ಯಾರ ಮನೆಯ ಮೂಲೆಯಲ್ಲೋ ಆ ರೀಲು ತಳಕ್ಕೆ ನೈಲಾನ್ ಇಟ್ಟುಕೊಂಡು ಅವಳ ಒಳ್ಳೆಯತನಕ್ಕೆ ಸಾಕ್ಷಿ ಹೇಳುತ್ತಿತ್ತು. ಅಷ್ಟರಲ್ಲಿ ಅಪ್ಪ ಯಜಮಾನರ ಕಡೆ ತಿರುಗಿ, ಬಹಳ ದಿನಗಳ ಮೇಲೆ ತಮ್ಮ ಹಳೆಯ ಜೋರು ದನಿಯಲ್ಲಿ, "ಕೇಳಿದ್ರಾ ಇವಳ ಮಾತು! ನನ್ನ ಮರ್ಯಾದೆ ಉಳಿಸೋಕೆ ನಿಮ್ಮ ಅಂಗಡಿ ಮೇಲೇ ತಪ್ಪು ಹೊರಿಸ್ತಿದಾಳೆ. ತಳದ ಸುತ್ತು ಹಾಕಿರ್ಲಿಲ್ವಂತೆ" ಅಂದರು. ಯಜಮಾನರು ನಗುತ್ತಲೇ ಎದ್ದುಬಂದರು, ಅವರ ಕಣ್ಣು ನಗುತ್ತಿರಲಿಲ್ಲ. "ಏನಮ್ಮಾ, ಹೌದಾ? ನಮ್ಮಲ್ಲಿ ಹಾಗೂ ಸುತ್ತಿ ಕೊಡ್ತಾರಾ?" ಇಬ್ಬರೂ ಅವಳ ಮುಖ ನೋಡುತ್ತ ನಿಂತರು. ಹೌದು ಎಂದರೆ ನಾಳೆಯಿಂದ ಈ ಮೇಜಿಲ್ಲ, ಅದು ಒಂದು. ಇನ್ನೊಂದು, ಅಪ್ಪನ ಮುಖ. ಮೀನಿನಿಂದ ಬಾರದ್ದು, ಬೆರಳಿನಿಂದ ಬಾರದ್ದು, ತನಗಾಗಿ ಸುಳ್ಳು ಹೇಳುವ ಮಗಳಿದ್ದಾಳೆ ಎಂಬ ಒಂದೇ ಕಾರಣಕ್ಕೆ ಆ ಮುಖಕ್ಕೆ ಕಳೆ ಬಂದಿತ್ತು. ಈ ಎರಡರಲ್ಲಿ ಯಾವುದಕ್ಕೆ ಹೆದರಿದೆನೆಂದು ಅವಳು ಆಮೇಲೆ ಎಷ್ಟು ಕೆದಕಿದರೂ ತಿಳಿಯುವುದಿಲ್ಲ. ಎರಡನೆಯದಕ್ಕೆ ಎಂದುಕೊಳ್ಳುವುದು ಸುಲಭ.

"ಸುಮ್ನೆ ಅಂದೆ" ಅಂದಳು.

"ಹಾಗನ್ನು ಮತ್ತೆ" ಎಂದು ಯಜಮಾನರು ಕುರ್ಚಿಗೆ ಮರಳಿದರು. ಅವಳು ಸಣ್ಣ ರಾಡನ್ನು ಕಾಗದದಲ್ಲಿ ಸುತ್ತಿ, ಎರಡು ಕಡೆ ದಾರ ಕಟ್ಟಿ ಕೊಟ್ಟಳು. ಎದೆಯ ಮೇಲಿಂದ ಏನೋ ಇಳಿದ ಹಾಗಿತ್ತು. ನಿಜ ಹೇಳಿದ್ದಕ್ಕೆ ಇಳಿದದ್ದೋ ಅದನ್ನು ವಾಪಸು ತೆಗೆದುಕೊಂಡದ್ದಕ್ಕೋ ಗೊತ್ತಾಗದೆ, ಹಾಗೆ ಹಗುರವಾದದ್ದೇ ಅವಳಿಗೆ ಹೇಸಿಗೆಯೆನಿಸಿತು. "ಊಟ ಆರಿಹೋಯ್ತಲ್ಲ, ಹೋಗು ತಿನ್ನು" ಎಂದು ಅಪ್ಪ ಕಟ್ಟನ್ನು ಕಂಕುಳಿಗೆ ಸೇರಿಸಿ ಮೆಟ್ಟಿಲಿಳಿದರು.

ಬೀದಿಯಲ್ಲಿ ಬ್ಯಾಂಕಿನ ಮ್ಯಾನೇಜರು ಇನ್ನೂ ಹೊರಟಿರಲಿಲ್ಲ. ಆ ಉದ್ದದ ರಾಡು ಕಾರಿನೊಳಗೆ ಹೇಗಿಟ್ಟರೂ ಹಿಡಿಸದೆ ಒದ್ದಾಡುತ್ತಿದ್ದರು. ಅಪ್ಪ ಹೋಗಿ ಹಿಂಬದಿಯ ಕಿಟಕಿಯ ಗಾಜು ಇಳಿಸಲು ಹೇಳಿ, ತುದಿಯನ್ನು ಹೊರಕ್ಕೆ ಬಿಟ್ಟು, ಬುಡವನ್ನು ಮುಂದಿನ ಸೀಟಿನ ಕೆಳಗೆ ತೂರಿಸಿಕೊಟ್ಟರು. ಮ್ಯಾನೇಜರು ಏನೋ ಕೇಳಿದರು. ಅಪ್ಪ ಹೇಳತೊಡಗಿದರು. ಅಂಗಡಿಯ ಬಾಗಿಲ ಗಾಜಿನ ಈಚೆಗೆ ಮಾತು ಕೇಳುತ್ತಿರಲಿಲ್ಲ, ಆದರೆ ಅವರ ಕೈ ಮೊದಲು ರಾಡು ಬಗ್ಗಿದಂತೆ ಬಗ್ಗಿತು, ಆಮೇಲೆ ಅಂಗಡಿಯತ್ತ ಚಾಚಿತು. ಮ್ಯಾನೇಜರು ತಲೆ ತಗ್ಗಿಸಿ ಗಾಜಿನೊಳಗೆ ಅವಳನ್ನು ಹುಡುಕಿ, ಕಂಡ ಮೇಲೆ, ಬೆಳಿಗ್ಗೆ ಇಲ್ಲದ ಗೌರವದಲ್ಲಿ ಕೈ ಎತ್ತಿದರು. ಅವಳೂ ಎತ್ತಿದಳು. ಭಾನುವಾರದ ಹೊತ್ತಿಗೆ ಜೆಟ್ಟಿಯ ತುಂಬ ಹಬ್ಬಿರುತ್ತದೆ: ಹೆಬ್ಬೆರಳಣ್ಣನ ಮಗಳು ಅಪ್ಪನಿಗಾಗಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳಂತೆ. ಇನ್ನು ಅವಳು ಎಷ್ಟು ಸಲ ನಿಜ ಹೇಳಿದರೂ ಅಷ್ಟು ಸಲವೂ ಮೊದಲಿಗಿಂತ ಒಳ್ಳೆಯವಳಾಗುತ್ತ ಹೋಗುತ್ತಾಳೆ.